ತ್ಯಾಪಿ ಹಚ್ಚಿದವರ ಚರಿತ್ರೆ

ಬೆಳಗಾವಿ ಪೇಟೆಯೊಳಗೆ ಕಿರ್ಲೋಸ್ಕರ್ ರಸ್ತೆ ಅಂತ ಒಂದಿದೆ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳ ಗದ್ದಲದಲ್ಲಿ ಓಡಾಡುವ ಬಹಳ ಮಂದಿಗೆ, ಆ ಹೆಸರಿನವರ ಉದ್ಯಮ ಒಂದು ಸೈಕಲ್ ಅಂಗಡಿಯಿಂದ ಶುರುವಾಯಿತು ಅನ್ನೋದು ಗೊತ್ತಿಲ್ಲ. 1869ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಗೆ ಹೋಗಿ ಚಿತ್ರಕಲೆ, ಯಂತ್ರಕಲೆ ಕಲಿತು ಅಲ್ಲೇ ಮಾಸ್ತರಾದರು. 1888ರಲ್ಲಿ ಅಣ್ಣನ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಮಾರುವ, ರಿಪೇರಿ ಮಾಡುವ ಅಂಗಡಿ ಹಾಕಿದರು. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಅಲ್ಲಿಂದ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣು ವಿಷ ಆಗತದ ಅಂತ ರೈತರು ಹೆದರಿದ್ದರಿಂದ ಮೊದಲ ನೇಗಿಲುಗಳು ಮಾರಾಟವಾಗಲಿಕ್ಕೆ ಎರಡು ವರ್ಷ ಹಿಡಿಯಿತಂತೆ. ಪುರಸಭೆಗೆ ಅವರ ಜಾಗ ಬೇಕಾಯಿತು. ಔಂಧ ಸಂಸ್ಥಾನದ ರಾಜ ನೆಲ ಕೊಟ್ಟ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮುಂದಿನದು ಎಲ್ಲರಿಗೂ ಗೊತ್ತು.

ಅದೇ ಪೇಟೆಯ ಇನ್ನೊಂದು ಮೂಲೆಯಲ್ಲಿ ನಮ್ಮಪ್ಪ ಕೂಡ್ರುತ್ತಾನೆ. ಅವನದೂ ರಿಪೇರಿ ಅಂಗಡಿ. ಅಂಗಡಿ ಅಂದರೆ ಒಂದು ಗೋಣಿತಟ್ಟು, ಮೇಲೊಂದು ಹರಿದ ಕೊಡೆ, ಉಳಿ, ರಂಪಿಗೆ, ಮೂರು ಕಾಲಿನ ಕಬ್ಬಿಣದ ಅಡಿ, ಮೇಣ ಸವರಿದ ದಾರದ ಉಂಡಿ. ಚಪ್ಪಲಿ, ಬೂಟು, ಸಾಲಿ ಹುಡುಗರ ಬ್ಯಾಗು, ಮಳೆಗಾಲದಲ್ಲಿ ಕೊಡೆ. ಮೂವತ್ತು ವರ್ಷವಾಯಿತು, ಆ ಗೋಣಿತಟ್ಟು ಒಂದು ಅಂಗುಲ ಅಗಲ ಆಗಿಲ್ಲ.

ಕಿರ್ಲೋಸ್ಕರರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈ ಚುರುಕಿತ್ತು, ಬುದ್ಧಿ ಚುರುಕಿತ್ತು. ನಮ್ಮಜ್ಜನ ಕೈಯೂ ಚುರುಕಿತ್ತು. ಆದರೆ ಅಜ್ಜನಿಗೆ ಮುಂಬಯಿಯ ತಾಂತ್ರಿಕ ಶಾಲೆ ಇರಲಿಲ್ಲ, ಪೇಟೆಯಲ್ಲಿ ಬಾಡಿಗೆಗೆ ಅಂಗಡಿ ಕೊಡುವವರಿರಲಿಲ್ಲ, ನೆಲ ಕೊಡುವ ರಾಜ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಸೈಕಲ್ಲು ಹೊಸದು. ಅದರ ಪಂಚರು ಯಾರು ತೆಗೀಬೇಕು ಅಂತ ಮನು ಬರೆದಿಟ್ಟಿರಲಿಲ್ಲ. ಬ್ರಾಹ್ಮಣನೊಬ್ಬ ಸೈಕಲ್ಲಿನ ಚೈನಿಗೆ ಎಣ್ಣೆ ಹಚ್ಚಿಕೊಂಡು ಕೂತರೆ ಅವನ ಜಾತಿ ಕೆಡುತ್ತಿರಲಿಲ್ಲ. ಚಪ್ಪಲಿಯ ಉಂಗುಟ ಹರಿದರೆ ಅದನ್ನು ಹೊಲಿಯುವ ಕೈ ಯಾವುದು ಅನ್ನೋದು ಮಾತ್ರ ಸಾವಿರ ವರ್ಷದ ಹಿಂದೆಯೇ ಗೊತ್ತುಮಾಡಿ ಆಗಿತ್ತು.

ಈಗ ಈ ಮಾತು ಯಾಕೆ? ಇತ್ತೀಚೆಗೆ ಪೇಟೆಯ ಓದುಬಲ್ಲ ಮಂದಿ ಒಂದು ಹೊಸ ಉಪದೇಶ ಶುರು ಮಾಡಿದ್ದಾರೆ. ಹಳೆಯದನ್ನು ಎಸೆಯಬೇಡಿ, ರಿಪೇರಿ ಮಾಡಿಸಿ, ಭೂಮಿ ಉಳಿಸಿ. ನಮ್ಮ ಹಿರಿಯರು ಏನನ್ನೂ ಎಸೆಯುತ್ತಿರಲಿಲ್ಲ. ಉಪದೇಶ ಸುಳ್ಳಲ್ಲ, ಭೂಮಿಯ ಚಿಂತೆಯೂ ಸುಳ್ಳಲ್ಲ. ಆದರೆ ‘ನಮ್ಮ ಹಿರಿಯರು’ ಅನ್ನೋ ಆ ಮಾತಿನಲ್ಲಿ ರಿಪೇರಿ ಮಾಡಿಸಿದವರಷ್ಟೇ ಇದ್ದಾರೆ. ಮಾಡಿದವರು ಎಲ್ಲಿ ಕೂತಿದ್ದರು, ಏನು ತಿಂದರು, ಅವರ ಸ್ವಂತ ಮನೆಯ ಸಾಮಾನು ಮುರಿದಾಗ ಏನು ಮಾಡಿದರು ಅನ್ನೋ ಚರಿತ್ರೆ ಅದರಲ್ಲಿಲ್ಲ. ಅದನ್ನು ನಾವೇ ಬರೀಬೇಕು.

ನಮ್ಮ ಮೂಲ ಖಾನಾಪುರ ತಾಲೂಕಿನ ಒಂದು ಹಳ್ಳಿ. ಮಲಪ್ರಭೆ ಹುಟ್ಟುವುದು ಆ ತಾಲೂಕಿನ ಕಣಕುಂಬಿಯಲ್ಲಿ. ಮಳೆ ಜಾಸ್ತಿ, ಭತ್ತದ ಸೀಮೆ, ಪಶ್ಚಿಮಕ್ಕೆ ಕಾಡು. ಮಳೆ ಜಾಸ್ತಿ ಇರುವ ಕಡೆ ರಿಪೇರಿಯೂ ಜಾಸ್ತಿ. ಮಿರಗದ ಮಳೆ ಬೀಳುವ ಮುಂಚೆ ಮನೆಮನೆಯ ಹೆಂಚಿಗೆ ಕೈಯಾಡಿಸಬೇಕು, ಗೊರಬಿಗೆ ಹೊಸ ಎಲೆ ಸೇರಿಸಬೇಕು, ಕುಂಟೆ-ಕೂರಿಗೆಗೆ ಬಡಿಗ್ಯಾನ ಹತ್ತಿರ ಹೋಗಬೇಕು, ಕುಡಗೋಲಿಗೆ ಕಮ್ಮಾರನ ಹತ್ತಿರ. ಹಗ್ಗ, ಮಿಣಿ, ಬಾರುಕೋಲು, ಕೆರ, ಇವೆಲ್ಲಾ ನಮ್ಮ ಕೇರಿಗೆ.

ಇದಕ್ಕೆಲ್ಲ ರೊಕ್ಕದ ಲೆಕ್ಕ ಇರಲಿಲ್ಲ. ಆಯದ ಪದ್ಧತಿ ಇತ್ತು; ನಮ್ಮ ಗಡಿಭಾಗದ ಮರಾಠಿ ಮಂದಿ ಬಲುತ ಅನ್ನುತ್ತಾರೆ. ವರ್ಷವಿಡೀ ಕರೆದಾಗ ಹೋಗಿ ಮಾಡಬೇಕು, ಸುಗ್ಗಿಗೆ ಕಣದಲ್ಲಿ ಕಾಳು ಇಸಕೊಳ್ಳಬೇಕು. ಓದಿದವರು ಇದನ್ನು ಗ್ರಾಮಸ್ವರಾಜ್ಯ, ಪರಸ್ಪರ ಸಹಕಾರ ಅಂತೆಲ್ಲ ಬರೆದಿದ್ದಾರೆ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಅದನ್ನು ಹೇಳುತ್ತಿದ್ದ ರೀತಿ ಬೇರೆ.

“ಹೊಸಾ ಕೆರ ಮಾಡಿಕೊಟ್ರ ಎರಡ ಸೇರ ಜಾಸ್ತಿ ಅಂತ ಹೇಳೂರು. ಹಳೇದಕ್ಕ ಹೊಲಿಗಿ ಹಾಕಿದ್ದು ಯಾರೂ ಲೆಕ್ಕಕ್ಕ ಹಿಡೀತಿದ್ದಿಲ್ಲ. ಒಂದ ಜೋಡು ಏಳ ಸಲ ಹೊಲದ್ರೂ ಅದು ಕೆಲಸ ಅಲ್ಲ. ಕಡೀಕ ರಾಶಿ ಅಳದ ಮ್ಯಾಲ ನೆಲಕ್ಕ ಉಳಿದ ಮಣ್ಣಗಾಳು ನಮ್ಮ ಉಡ್ಯಾಗ ಹಾಕೂರು, ಮ್ಯಾಲಿಂದ.”

‘ಮ್ಯಾಲಿಂದ’ ಅನ್ನೋ ಮಾತನ್ನು ಆಕೆ ಕೈ ಎತ್ತಿ ತೋರಿಸಿ ಹೇಳುತ್ತಿದ್ದಳು. ಮುಟ್ಟಬಾರದಲ್ಲ.

ರಿಪೇರಿ ಅನ್ನೋದು ಕೆಲಸ ಅಲ್ಲ ಎಂಬ ಆಕೆಯ ಮಾತಿನಲ್ಲಿ ಇಡೀ ಆಯದ ಅರ್ಥಶಾಸ್ತ್ರ ಇದೆ. ತುಂಡಿಗೆ ಇಷ್ಟು ಅಂತ ದರ ಇದ್ದಿದ್ದರೆ ಧಣಿಯೂ ಯೋಚನೆ ಮಾಡುತ್ತಿದ್ದ: ಎಂಟನೇ ಸಲ ಹೊಲಿಸೋದೋ, ಹೊಸದು ತಗೊಳ್ಳೋದೋ ಅಂತ. ದರವೇ ಇಲ್ಲದ ಮೇಲೆ ಯೋಚನೆ ಯಾಕೆ? ಎಂಟನೇ ಸಲವೂ ಹೊಲಿಸು. ಹಿರಿಯರು ಏನನ್ನೂ ಎಸೆಯುತ್ತಿರಲಿಲ್ಲ ಅಂತ ಹೆಮ್ಮೆಪಡುವವರು ಇದನ್ನೊಮ್ಮೆ ನೋಡಬೇಕು. ಆ ಉಳಿತಾಯದ ಬಹುಪಾಲು ನಮ್ಮ ಬಿಟ್ಟಿ ದುಡಿಮೆ.

ಕೈಗಳಲ್ಲೂ ಮೆಟ್ಟಿಲಿತ್ತು. ಬಡಿಗ ಅಂಗಳದ ತನಕ ಹೋಗುತ್ತಿದ್ದ, ಕೂತು ಚಹಾ ಕುಡಿಯುತ್ತಿದ್ದ. ಸಮಗಾರ ಬೇಲಿಯ ಆಚೆ ನಿಂತು ಕೂಗಬೇಕು. ಇದರಲ್ಲಿ ನಗೆ ಬರುವ ಸಂಗತಿಯೂ ಇದೆ. ಪಂಪು ಬರುವ ಮುಂಚೆ ತೋಟದ ಬಾವಿಯಿಂದ ನೀರು ಎತ್ತುತ್ತಿದ್ದದ್ದು ಕಪಿಲೆ. ಎತ್ತು ಹೂಡಿ ಎಳೆಯುವ ದೊಡ್ಡ ಚರ್ಮದ ಚೀಲ. ಸತ್ತ ದನದ ತೊಗಲನ್ನು ಹದಮಾಡಿ ಆ ಚೀಲ ಹೊಲಿದವರು, ಸೋರಿದಾಗ ತ್ಯಾಪಿ ಹಚ್ಚಿದವರು ನಮ್ಮವರು. ಆ ನೀರು ಕಬ್ಬಿಗೆ ಆಗುತ್ತಿತ್ತು, ಬಾಳೆಗೆ ಆಗುತ್ತಿತ್ತು, ಬಾಯಾರಿದಾಗ ಧಣಿಗೂ ಆಗುತ್ತಿತ್ತು. ಹೊಲಿದವನು ಅದೇ ಬಾವಿಯ ಮೆಟ್ಟಿಲು ಇಳಿದರೆ ಮಾತ್ರ ಬಾವಿ ಕೆಡುತ್ತಿತ್ತು.

ಖಾನಾಪುರ ತಾಲೂಕಿನಲ್ಲೇ ಕಕ್ಕೇರಿ ಅಂತ ಊರಿದೆ. ಹನ್ನೆರಡನೇ ಶತಮಾನದ ಶರಣ ಡೋಹರ ಕಕ್ಕಯ್ಯ ಕಲ್ಯಾಣದ ಗಲಭೆಯ ನಂತರ ಉಳವಿಯ ಕಡೆ ಹೊರಟ ಶರಣರ ಜೊತೆ ಬಂದು ಇಲ್ಲಿ ಮಡಿದ, ಊರಿಗೆ ಅವನ ಹೆಸರೇ ಬಂತು ಅಂತ ಜನ ನಂಬುತ್ತಾರೆ. ಡೋಹರರು ಅಂದರೆ ತೊಗಲು ಹದಮಾಡುವವರು. ಅದೇ ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುವ ಹರಳಯ್ಯ ಇದ್ದ, ಸೂಜಿಕಾಯಕದ ರಾಮಿತಂದೆ ಇದ್ದ. ಹೊಲಿಯುವ, ಹದಮಾಡುವ ಕೆಲಸವನ್ನು ಕಾಯಕ ಅಂತ ಕರೆದು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂಡ್ರಿಸಿದ ಆ ಕೆಲವೇ ವರ್ಷಗಳ ಪ್ರಯೋಗ ಯಾಕೆ ಮುರಿಯಿತು ಅಂತ ಎಲ್ಲರಿಗೂ ಗೊತ್ತು: ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು. ಕಾಯಕಕ್ಕೆ ಕೈಮುಗಿದವರು ಲಗ್ನಕ್ಕೆ ಕತ್ತಿ ಹಿರಿದರು.

ಇನ್ನು ಒಡೆದ ಗಡಿಗೆಯ ಮಾತು. ಮನುಸ್ಮೃತಿಯ 10ನೇ ಅಧ್ಯಾಯದಲ್ಲಿ ಚಂಡಾಲರಿಗೆ ಏನೇನು ಸಲ್ಲಬೇಕು ಅಂತ ಪಟ್ಟಿ ಇದೆ. ವಾಸ ಊರ ಹೊರಗೆ, ಬಟ್ಟೆ ಹೆಣದ ಮೇಲಿನದು, ಒಡವೆ ಕಬ್ಬಿಣದ್ದು, ಊಟ ಒಡಕು ಪಾತ್ರೆಯಲ್ಲಿ. ಓದಿದಾಗ ಮೊದಲು ನನಗೆ ಇದು ಹಳೇ ಪುಸ್ತಕದ ಮಾತು ಅನ್ನಿಸಿತು. ಆಮೇಲೆ ಆಯಿಯನ್ನು ಕೇಳಿದೆ. ಊರ ಚಹಾದಂಗಡಿಯ ಹೊರಗೆ ಗೋಡೆಯ ಗೂಡಿನಲ್ಲಿ ನಮ್ಮವರಿಗಾಗಿ ಇಟ್ಟಿದ್ದ ಕಪ್ಪುಗಳು ಹೇಗಿದ್ದವು ಅಂತ. “ಹಿಡಿಕಿ ಮುರದಿದ್ದು. ಒಳಗಿನ ಮಂದೀ ಕಪ್ಪಿನ ಹಿಡಿಕಿ ಮುರದ್ರ ಅದು ನಮ್ಮ ಗೂಡಿಗಿ ಬರ್ತಿತ್ತು” ಅಂದಳು. ಇದನ್ನು ಮರುಬಳಕೆ ಅನ್ನೋಣವೇ?

ಪೇಶವೆಯರ ಕಾಲದ ಪುಣೆಯಲ್ಲಿ ಅಸ್ಪೃಶ್ಯರು ಉಗುಳಿಕೊಳ್ಳಲಿಕ್ಕೆ ಕೊರಳಿಗೆ ಗಡಿಗೆ ಕಟ್ಟಿಕೊಂಡು ನಡೀಬೇಕಾಗಿತ್ತು ಅನ್ನೋದನ್ನು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. ನಮ್ಮ ಬೆಳಗಾವಿ ಸೀಮೆಯೂ 1818ರಲ್ಲಿ ಇಂಗ್ಲಿಷರ ಕೈಸೇರುವ ತನಕ ಪೇಶವೆಯರ ಆಳ್ವಿಕೆಯದೇ. ಇದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ 1925ರಲ್ಲಿ ಬಾಬಾಸಾಹೇಬರು ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು. ಎರಡು ವರ್ಷದ ನಂತರ, 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಆ ಸತ್ಯಾಗ್ರಹದ ದಿನಗಳಲ್ಲೇ ಅವರು ಹೆಂಗಸರ ಜೊತೆ ಮಾತಾಡಿದ್ದು ಸೀರೆ ಉಡುವ ರೀತಿ, ಮೈತುಂಬ ಹೇರಿಕೊಳ್ಳುತ್ತಿದ್ದ ಅಗ್ಗದ ಲೋಹದ ಒಡವೆಗಳ ಬಗ್ಗೆ. ಅವೆಲ್ಲ ಜಾತಿಯ ಗುರುತು, ಬಿಡಿ ಅಂದರು. ಸತ್ತ ದನದ ಮಾಂಸ ಬಿಡಿ, ಎಂಜಲು ಬೇಡಬೇಡಿ ಅಂತ ಅದೇ ವರ್ಷ ಮಾರ್ಚಿನಲ್ಲೇ ಹೇಳಿದ್ದರು. ಇನ್ನೊಬ್ಬ ಬಿಸಾಕಿದ್ದನ್ನು ತಗೊಳ್ಳಲ್ಲ ಅನ್ನೋದು ನಮ್ಮ ವಿಮೋಚನೆಯ ಮೊದಲ ಪಾಠಗಳಲ್ಲಿ ಒಂದು. ಎಸೆಯಬೇಡಿ ಅಂತ ಉಪದೇಶ ಮಾಡುವವರಿಗೆ ಈ ತಿರುವು ಗೊತ್ತಿರಬೇಕು.

ಹಾಗಂತ ನಮ್ಮ ಕೇರಿಯಲ್ಲಿ ಯಾರೂ ಏನನ್ನೂ ಎಸೆಯುತ್ತಿರಲಿಲ್ಲ ಅನ್ನೋದೂ ನಿಜ. ಎಸೆಯಲಿಕ್ಕೆ ಇದ್ದರಲ್ಲವೇ! ಖಾನಾಪುರದ ಮಣ್ಣು ಗಡಿಗೆಗೂ ಹೆಂಚಿಗೂ ಹೆಸರುವಾಸಿ. ಗಡಿಗೆ ಬಿರುಕು ಬಿಟ್ಟರೆ ಸುಣ್ಣ-ಬೆಲ್ಲ ಕಲಸಿ ಮೆತ್ತುತ್ತಿದ್ದರು. ಅದಕ್ಕೂ ನಿಲ್ಲದಿದ್ದರೆ ನೀರಿನ ಗಡಿಗೆ ಕಾಳಿನ ಗಡಿಗೆ ಆಗುತ್ತಿತ್ತು. ಪೂರ್ತಿ ಒಡೆದರೆ ಅದರ ಕಂಠ ಇನ್ನೊಂದು ಗಡಿಗೆಗೆ ಕೂಡ್ರುವ ಬಳೆಯಾಗುತ್ತಿತ್ತು, ತಳ ಕೋಳಿಗೆ ನೀರಿಡುವ ಬಟ್ಟಲು, ದೊಡ್ಡ ಬೋಕಿ ಪಕ್ಕದ ಮನೆಯಿಂದ ಕೆಂಡ ತರಲಿಕ್ಕೆ, ಸಣ್ಣ ಬೋಕಿ ಹುಡುಗರ ಆಟಕ್ಕೆ. ಅಷ್ಟರ ಮೇಲೂ ಉಳಿದದ್ದು ಮಣ್ಣಿಗೆ ಮಣ್ಣು. ಇದನ್ನು ಯಾರೂ ನಮಗೆ ಕಲಿಸಿರಲಿಲ್ಲ, ಇದಕ್ಕೊಂದು ಹೆಸರೂ ಇರಲಿಲ್ಲ.

ಹೆಸರಿನ ಮಾತು ಬಂದದ್ದಕ್ಕೆ ಒಂದು ನೆನಪು. ಸಾಲಿಯಲ್ಲಿ ಗಾಂಧೀಜಿಯ ಪೆನ್ಸಿಲ್ ತುಂಡಿನ ಕಥೆ ಹೇಳುತ್ತಿದ್ದರು; ಬೆರಳುದ್ದವೂ ಇಲ್ಲದ ತುಂಡು ಕಳೆದಾಗ ಮಹಾತ್ಮರು ಬಿಡದೆ ಹುಡುಕಿದ ಕಥೆ. ನಾನು ಬೆಂಚಿನ ಮೇಲೆ ಅಂಥದೇ ತುಂಡು ಹಿಡಿದು ಕೂತಿದ್ದೆ. ಇನ್ನೊಬ್ಬ ಹುಡುಗ ಬಿಸಾಕಿದ್ದನ್ನು ಆರಿಸಿಕೊಂಡದ್ದು. ನನ್ನದು ಯಾರಿಗೂ ಕಥೆ ಅನ್ನಿಸಲಿಲ್ಲ. ಹೊಸ ಪೆನ್ಸಿಲ್ ತಗೊಳ್ಳುವ ಶಕ್ತಿ ಇದ್ದವನು ತುಂಡು ಇಟ್ಟುಕೊಂಡರೆ ಅದು ತ್ಯಾಗ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ಸಿಗೆ ಗಾಂಧಿಯೇ ಅಧ್ಯಕ್ಷರು, ಅವರು ಅಧ್ಯಕ್ಷರಾದದ್ದು ಅದೊಂದೇ ಸಲ. ಸದಸ್ಯರಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು ಅನ್ನೋ ನಿಯಮವನ್ನು ಅಲ್ಲಿ ಒಪ್ಪಿದರು. ಕೈಕೆಲಸಕ್ಕೆ ಮರ್ಯಾದೆ ತರುವ ಪ್ರಯತ್ನ ಅದು, ಇಲ್ಲ ಅನ್ನೋದಿಲ್ಲ. ಆದರೆ ಎಲ್ಲರೂ ನೂಲಬಹುದು ಅಂದವರು, ಎಲ್ಲರೂ ಚಪ್ಪಲಿ ಹೊಲಿಯಲೇಬೇಕು ಅನ್ನೋ ನಿಯಮ ಮಾಡಲಿಲ್ಲ. ಖಾದಿ ಗ್ರಾಮೋದ್ಯೋಗದವರ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಖಾನಾಪುರದಲ್ಲೇ ಇದೆ. ಮಣ್ಣಿನ ಗುಣ ನೋಡಿ, ಗಾಲಿ-ಭಟ್ಟಿ ಸುಧಾರಿಸಿ ಕುಂಬಾರರಿಗೆ ತರಬೇತಿ ಕೊಡಲಿಕ್ಕೆ ಹುಟ್ಟಿದ್ದು. ಒಳ್ಳೆಯ ಕೆಲಸ.

ಕೌದಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಳೇ ಸೀರೆ, ಧೋತರ, ಲಂಗದ ತುಂಡುಗಳನ್ನು ಒಂದರ ಮೇಲೊಂದು ಹಾಕಿ ಓಡುಹೊಲಿಗೆಯಲ್ಲಿ ಹೊಲಿದ ಕೌದಿ ಇಲ್ಲದ ಮನೆ ನಮ್ಮ ಕಡೆ ಇಲ್ಲ. ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಬೇರೆಯೇ ರೀತಿ ಇದೆ. ಹಿಂದೆ ಗೋವೆಯ ಬಂದರಿಗೆ ಗುಲಾಮರಾಗಿ ಆಫ್ರಿಕದಿಂದ ತಂದಿಳಿಸಿದವರ, ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತಾನ ಅವರು. ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತ ಹೊಲಿಯುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಚಿದ ಅರಿವೆಯ ಸಣ್ಣ ಹೂ ಕೂಡ್ರಿಸುತ್ತಾರೆ; ಹೂವಿಲ್ಲದ ಕೌದಿ ಅಂದರೆ ಬತ್ತಲೆ ಕೌದಿ. ಹರಕು ಅರಿವೆಗೂ ಬತ್ತಲೆ ಇರಬಾರದು ಅಂದವರು ಅವರು. ಈಗ ಅವರ ಕೌದಿಗಳು ಪರದೇಶದ ಪ್ರದರ್ಶನಗಳಿಗೆ ಹೋಗಿವೆ, ಪ್ರಾಧ್ಯಾಪಕರು ಪುಸ್ತಕ ಬರೆದಿದ್ದಾರೆ. ಇತ್ತ ಸರ್ಕಾರ ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಲಿಕ್ಕೆ 2020ರ ತನಕ ಕಾಯಬೇಕಾಯಿತು. ಹದಿನೇಳು ವರ್ಷ, ಹಳಿಯಾಳದಲ್ಲಿದ್ದ ಅಕ್ಕ ಬುಡಕಟ್ಟಿನವಳು, ಖಾನಾಪುರಕ್ಕೆ ಮದುವೆಯಾದ ತಂಗಿಯ ಮಕ್ಕಳು ಅಲ್ಲ. ಕೌದಿಗೆ ಮಾತ್ರ ಆ ಗಡಿ ಗೊತ್ತಿರಲಿಲ್ಲ.

ಆಯದ ಹೊರಗೆ ಇದ್ದ ರಿಪೇರಿಯವರೂ ಇದ್ದರು. ಕೊರವರು ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ಊರಿಂದೂರಿಗೆ ಬರುತ್ತಿದ್ದರು. ಸಡಿಲಾದ ಬುಟ್ಟಿ ಬಿಗಿಯುವುದು, ಮೊರದ ಅಂಚು ಕಟ್ಟುವುದು, ಕಸಬರಿಗೆ, ಹೆಂಗಸರಿಗೆ ಹಚ್ಚೆ. ಒಡ್ಡರ ಹೆಣ್ಣುಮಕ್ಕಳು ಸವೆದ ಬೀಸುಕಲ್ಲು, ಒಳ್ಳಕಲ್ಲಿಗೆ ಚಾಣದಿಂದ ಮತ್ತೆ ಹಲ್ಲು ಮೂಡಿಸುತ್ತಿದ್ದರು. ಇವರಿಗೆ ಒಂದು ಊರ ಧಣಿ ಇಲ್ಲ, ಬೇಡವಾದರೆ ಮುಂದಿನ ಊರು. ಆಯದವರಿಗಿಂತ ಈ ಒಂದು ಸ್ವಾತಂತ್ರ್ಯ ಜಾಸ್ತಿ. ಅದನ್ನೇ ಇಂಗ್ಲಿಷ್ ಸರ್ಕಾರ ತಪ್ಪು ಅಂತ ಹಿಡಿಯಿತು. ಒಂದೆಡೆ ನಿಲ್ಲದವರೆಲ್ಲ ಹುಟ್ಟುಗಳ್ಳರು ಅಂತ 1871ರಲ್ಲಿ ಅಪರಾಧಿ ಬುಡಕಟ್ಟು ಕಾಯಿದೆ ಮಾಡಿದರು. 1911ರ ಕಾಯಿದೆಯ ನಂತರ ಮುಂಬಯಿ ಪ್ರಾಂತದಲ್ಲೂ ಹಬ್ಬಿತು. ವಿಜಾಪುರ, ಹುಬ್ಬಳ್ಳಿ, ಗದಗಿನಲ್ಲಿ ಸೆಟ್ಲಮೆಂಟುಗಳಾದವು. ಹಾಜರಿ ಕೊಡಬೇಕು, ಚೀಟಿ ಇಲ್ಲದೆ ಹೊರಗೆ ಕಾಲಿಡಬಾರದು. ಬುಟ್ಟಿ ಬಿಗಿಯಲು ಮುಂದಿನ ಊರಿಗೆ ಹೋಗೋದು ಜೈಲಿಗೆ ಹೋಗುವ ಅಪರಾಧ ಆಯಿತು! ಮುಂಬಯಿ ಪ್ರಾಂತ 1949ರಲ್ಲಿ, ಇಡೀ ದೇಶ 1952ರ ಆಗಸ್ಟ್ 31ರಂದು ಆ ಕಾಯಿದೆಯಿಂದ ಬಿಡುಗಡೆ ಕಂಡಿತು. ಹುಬ್ಬಳ್ಳಿಯ ಓಣಿಗೆ ಇವತ್ತೂ ಸೆಟ್ಲಮೆಂಟ್ ಅಂತಲೇ ಹೆಸರು. ಬಿದಿರಿನ ಕಥೆ ಇನ್ನೊಂದು: 1950ರ ದಶಕದ ಕೊನೆಗೆ ಖಾನಾಪುರದ ಕಾಡಿನ ಮಗ್ಗುಲಲ್ಲೇ ದಾಂಡೇಲಿಯ ಕಾಗದ ಕಾರ್ಖಾನೆ ಶುರುವಾದಾಗ ಟನ್ನಿಗೆ ಒಂದೂವರೆ ರೂಪಾಯಿಯಂತೆ ಸರ್ಕಾರ ಬಿದಿರು ಕೊಟ್ಟಿತು ಅಂತ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರರಿಗೆ ಆ ದರ ಕನಸಿನಲ್ಲೂ ಇರಲಿಲ್ಲ.

ಆಯ ಮುರಿದದ್ದು ಹೇಗೆ? ಎರಡು ದಾರಿಯಿಂದ. ಒಂದು ಕಾನೂನು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಊರ ಚಾಕರಿಯನ್ನು ರಕ್ತಕ್ಕೆ ಕಟ್ಟಿಹಾಕಿತ್ತು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಕೌನ್ಸಿಲಿನಲ್ಲಿ ಅದಕ್ಕೆ ತಿದ್ದುಪಡಿ ಮಂಡಿಸಿದರು. ಮುಖ್ಯವಾಗಿ ಮಹಾರರ, ಅಂದರೆ ನಮ್ಮ ಕಡೆಯ ಹೊಲೆಯರ, ವತನದ ಪ್ರಶ್ನೆ ಅದು. ಬೆಳಗಾವಿ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಯಾಯಿತು. ಚಪ್ಪಲಿ ಹೊಲಿಯುವ ಆಯಕ್ಕೆ ಇದು ನೇರ ಮುಟ್ಟಲಿಲ್ಲ. ಆದರೆ ಚಾಕರಿ ಬಿಡಬಹುದು ಅನ್ನೋ ಸುದ್ದಿ ಕೇರಿಯಿಂದ ಕೇರಿಗೆ ಹೋಯಿತು.

ಇನ್ನೊಂದು ದಾರಿ ಕಬ್ಬಿಣದ್ದು. 1880ರ ದಶಕದಲ್ಲಿ ಹಾಕಿದ ರೈಲು ಹಳಿ ಲೋಂಡಾ, ಖಾನಾಪುರದ ಮೇಲೆ ಹಾದು ಬೆಳಗಾವಿಗೆ ಬರುತ್ತದೆ. ಎಪ್ಪತ್ತರ ದಶಕದಲ್ಲಿ ಒಂದು ಸುಗ್ಗಿಯಲ್ಲಿ ಕಣದ ಮಣ್ಣಗಾಳು ಬೇಡ ಅಂದ ನಮ್ಮಜ್ಜ ಉಳಿ-ರಂಪಿಗೆ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದ. ಬೆಳಗಾವಿಯ ಪೇಟೆಯಲ್ಲಿ ಒಂದು ಹೊಲಿಗೆಗೆ ನಾಲ್ಕಾಣೆ. ಅದೂ ಮೇಲಿನಿಂದಲೇ ಬೀಳುತ್ತಿತ್ತು, ಆದರೆ ಅದು ನಾಲ್ಕಾಣೆ! ಆಗೊಲ್ಲ ಅಂತ ಹೇಳುವ ಹಕ್ಕು ಅದರ ಜೊತೆಗೆ ಬಂತು. ಅಜ್ಜ ಊರಿಗೆ ಹೋದಾಗ ಪಾಟೀಲರ ಮನೆಯವರು ಹಳೇ ಜೋಡು ತಂದಿಟ್ಟರೆ, “ಸಾವ್ಕಾರ್ರ, ಬೆಳಗಾವಿಗಿ ತಗೊಂಡ ಬರ್ರಿ, ಅಲ್ಲೆ ಮಾಡಿಕೊಡ್ತೀನಿ” ಅಂತಿದ್ದನಂತೆ. ಆಯಿ ಈ ಮಾತನ್ನು ಸಾಯುವ ತನಕ ನಕ್ಕೊಂಡು ಹೇಳಿದಳು.

ಆಗಿನ ಬೆಳಗಾವಿ ರಿಪೇರಿಯ ಊರು. ಬೋಗಾರ ವೇಸ್ ಅನ್ನೋ ಹೆಸರನ್ನೇ ನೋಡಿರಿ. ವೇಸ್ ಅಂದರೆ ಊರಬಾಗಿಲು, ಬೋಗಾರರು ಅಂದರೆ ಕಂಚು-ಹಿತ್ತಾಳೆ ಪಾತ್ರೆಯವರು. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಹಿಡಿದು ವಿಷ. ಅದಕ್ಕೇ ಕಲಾಯಿ. ಅಪ್ಪ ಸಣ್ಣವನಿದ್ದಾಗ ಅವನ ಪಕ್ಕದಲ್ಲೇ ಕಲಾಯಿ ಹಾಕುವ ಒಬ್ಬ ಮುಸಲ್ಮಾನ ಮುದುಕ ಕೂಡ್ರುತ್ತಿದ್ದ. ಅಪ್ಪ ಈಗಲೂ ಅವನನ್ನು ಚಾಚಾ ಅಂತಲೇ ನೆನೆಸುತ್ತಾನೆ. ನೆಲದಲ್ಲಿ ಗುಂಡಿ, ಅದಕ್ಕೆ ತಿದಿ, ಇದ್ದಿಲ ಕೆಂಡ. ಹುಣಸೆಹಣ್ಣು, ಮರಳು ಹಾಕಿ ಪಾತ್ರೆಯೊಳಗೆ ಕಾಲಿಟ್ಟು ಗರಗರ ತಿರುಗಿ ತಿಕ್ಕಬೇಕು. ಕಾಯ್ದ ಮೇಲೆ ನವಸಾಗರದ ಪುಡಿ ಎಸೆದರೆ ಬಿಳಿ ಹೊಗೆ ಏಳುತ್ತದೆ. ಲೋಹದ ಮೇಲಿನ ಕೊಳೆಯನ್ನೆಲ್ಲ ಅದು ಬಿಡಿಸುತ್ತದೆ. ಆಗ ತವರದ ಕಡ್ಡಿ ಮುಟ್ಟಿಸಬೇಕು. ತವರ 232 ಡಿಗ್ರಿಗೇ ಕರಗುತ್ತದೆ, ತಾಮ್ರಕ್ಕೆ ಸಾವಿರದ ಮೇಲೆ ಬೇಕು. ಇದೆಲ್ಲ ನಾನು ಕಾಲೇಜಿನಲ್ಲಿ ಓದಿದ್ದು. ಚಾಚಾನಿಗೆ ಹೊಗೆಯ ಬಣ್ಣ ನೋಡಿದರೆ ಸಾಕಿತ್ತು. ಹತ್ತಿಯ ಉಂಡೆಯಿಂದ ಒಂದೇ ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿ. ನೀರಿಗೆ ಅದ್ದಿದರೆ ಚೊಂಯ್. ಆ ಹೊಗೆಯಲ್ಲಿ ಎದೆ ಎಷ್ಟು ದಿನ ತಡೆಯುತ್ತದೆ? ಚಾಚಾ ಕೆಮ್ಮಿ ಕೆಮ್ಮಿಯೇ ಹೋದನಂತೆ.

ಮಜಾ ಅಂದರೆ ಚಾಚಾ ಬೆಳಗಿದ ಪಾತ್ರೆಯನ್ನು ಒಳಗೆ ತಗೊಳ್ಳುವ ಮುಂಚೆ ಬ್ರಾಹ್ಮಣರ ಮನೆಯವರು ಮತ್ತೊಮ್ಮೆ ತೊಳೆಯುತ್ತಿದ್ದರು. ಕಲಾಯಿ ಉಳಿಯಬೇಕು, ಕಲಾಯಿಯವನ ಕೈ ಹೋಗಬೇಕು.

ಆಮೇಲೆ ಅಲ್ಯುಮಿನಿಯಂ ಬಂತು, ಸ್ಟೀಲು ಬಂತು, ಪ್ಲಾಸ್ಟಿಕ್ ಕೊಡ ಬಂತು. ಕಲಾಯಿಯವರ ಹೊಟ್ಟೆಗೆ ಕಲ್ಲು ಬಿತ್ತು, ಕುಂಬಾರರಿಗೂ ಮೇದಾರರಿಗೂ ಬಿತ್ತು. ರಬ್ಬರ್ ಚಪ್ಪಲಿ ಬಂದು ನಮಗೂ ಬಿತ್ತು. ಇದನ್ನು ನೆನೆದು ಗೋಳಾಡುವ ಲೇಖನಗಳು ಬಹಳ ಬಂದಿವೆ. ನಾನು ಪೂರ್ತಿ ಗೋಳಾಡಲಾರೆ. ಪ್ಲಾಸ್ಟಿಕ್ ಕೊಡ ಬಂದಾಗ ಅವ್ವನ ಸೊಂಟ ಹಗುರಾಯಿತು. ಅಂಗಡಿಯವನು ಅದಕ್ಕೆ ಜಾತಿ ಕೇಳಲಿಲ್ಲ, ಪಾಟೀಲರ ಮನೆಯಲ್ಲಿ ಇದ್ದ ಕೊಡವೇ ನಮ್ಮ ಮನೆಗೂ ಬಂತು. ಒಡೆದದ್ದಲ್ಲ, ಹೊಸದು. ಅದೇ ಪ್ಲಾಸ್ಟಿಕ್ ಈಗ ಮಲಪ್ರಭೆಯ ದಂಡೆಯಲ್ಲಿ ಕೊಳೆಯದೆ ಬಿದ್ದಿದೆ, ಅದನ್ನು ಆರಿಸುತ್ತಿರುವವರೂ ನಮ್ಮವರೇ ಅನ್ನೋದನ್ನೂ ಮರೆಯಲಾರೆ.

ಈಗ ರಿಪೇರಿಗೆ ಮತ್ತೆ ಮರ್ಯಾದೆ ಬಂದಿದೆ. ಯಾವ ರಿಪೇರಿಗೆ ಅಂತ ನೋಡಬೇಕು. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಅನ್ನೋ ಜಾಲತಾಣ ಶುರು ಮಾಡಿತು. ಮೊದಲು ಆಯ್ದುಕೊಂಡದ್ದು ನಾಲ್ಕು ವಲಯ: ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ ಸಾಮಾನು, ಫ್ರಿಜ್ಜು-ಟೀವಿಯಂಥವು, ವಾಹನ. ಕಂಪನಿಗಳು ಬಿಡಿಭಾಗ ಕೊಡದೆ ಹೊಸದನ್ನೇ ಕೊಳ್ಳುವಂತೆ ಮಾಡುವುದನ್ನು ತಡೆಯಬೇಕು ಅನ್ನೋದು ಸರಿಯಾದ ಮಾತೇ. ಆದರೆ ಅದು ಕೊಂಡವನ ಹಕ್ಕು. ರಿಪೇರಿ ಮಾಡುವವನ ಹಕ್ಕು ಯಾವ ಜಾಲತಾಣದಲ್ಲಿದೆ? ಫ್ರಾನ್ಸ್ ದೇಶದಲ್ಲಿ 2023ರ ನವೆಂಬರಿನಿಂದ ಬಟ್ಟೆ, ಬೂಟು ರಿಪೇರಿ ಮಾಡಿಸಿದರೆ ಗ್ರಾಹಕನಿಗೆ 6ರಿಂದ 25 ಯೂರೋ ತನಕ ರಿಯಾಯಿತಿ ಸಿಗುವ ಯೋಜನೆ ಶುರುವಾಯಿತು. ಹೊಲಿಯುವವನ ದರ ಕಡಿಮೆ ಮಾಡದೆ ರಿಪೇರಿ ಅಗ್ಗ ಮಾಡುವ ದಾರಿ. ಅಪ್ಪನಿಗೆ ಹೇಳಿದೆ. “ಅಲ್ಲಿ ಚಪ್ಪಲಿ ಹೊಲ್ಯಾವ್ರು ಯಾವ ಮಂದಿ?” ಅಂತ ಕೇಳಿದ. ಯಾರು ಬೇಕಾದರೂ ಹೊಲಿಯಬಹುದು ಅಂದೆ. ಸುಮ್ಮನಾದ.

ನಮ್ಮ ದೇಶದ ದಾರಿ ಬೇರೆ. 2023ರ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಯೋಜನೆ ಬಂತು. 18 ಕಸುಬು, ಕಮ್ಮಾರ, ಕುಂಬಾರ, ಚಮ್ಮಾರ, ಬುಟ್ಟಿ ಹೆಣೆಯುವವರು ಎಲ್ಲಾ ಇದ್ದಾರೆ. 15,000 ರೂಪಾಯಿಯ ಉಪಕರಣ, 5 ಶೇಕಡಾ ಬಡ್ಡಿಗೆ ಎರಡು ಕಂತಿನಲ್ಲಿ 3 ಲಕ್ಷದ ತನಕ ಸಾಲ. ಸಾಲ ಬೇಡ ಅನ್ನೋಣವೇ? ಹೊಟ್ಟೆಗಿಲ್ಲದವನು ಬೇಡ ಅನ್ನಲಾರ. ಆದರೆ ಯೋಜನೆಯ ಗುರಿಯಲ್ಲೇ ಗುರು-ಶಿಷ್ಯ ಪರಂಪರೆ, ಮನೆತನದಿಂದ ಬಂದ ಕಸುಬನ್ನು ಗಟ್ಟಿಮಾಡುವ ಮಾತಿದೆ. ಇದನ್ನು ಓದಿದಾಗ 1953ರ ಮದರಾಸು ನೆನಪಾಗಬೇಕು. ಹಳ್ಳಿ ಮಕ್ಕಳು ಅರ್ಧ ದಿನ ಸಾಲಿ, ಉಳಿದ ಅರ್ಧ ಅಪ್ಪನ ಕಸುಬು ಕಲೀಬೇಕು ಅಂತ ರಾಜಾಜಿ ಯೋಜನೆ ಹಾಕಿದ್ದರು. ಜನ ಬೀದಿಗಿಳಿದರು, 1954ರಲ್ಲಿ ರಾಜಾಜಿಯೂ ಹೋದರು, ಯೋಜನೆಯೂ ಹೋಯಿತು. ತಮಿಳುನಾಡು 2024ರಲ್ಲಿ ವಿಶ್ವಕರ್ಮ ಯೋಜನೆಯನ್ನು ಇದ್ದ ರೂಪದಲ್ಲಿ ಒಪ್ಪೋದಿಲ್ಲ ಅಂದದ್ದು ಆ ನೆನಪಿನಿಂದಲೇ. ಸಮಾಜದಲ್ಲಿ ಹಂಚಿಹೋಗಿದ್ದು ಬರೀ ದುಡಿಮೆಯಲ್ಲ, ದುಡಿಯುವವರೇ ಹಂಚಿಹೋಗಿದ್ದಾರೆ ಅನ್ನೋ ವ್ಯತ್ಯಾಸವನ್ನು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟಿದ್ದರು. ಚಪ್ಪಲಿ ರಿಪೇರಿ ಉಳಿಯಬೇಕು ಅನ್ನುವವರು ತಮ್ಮ ಮಗನನ್ನೂ ನಮ್ಮಪ್ಪನ ಹತ್ತಿರ ಕಲಿಯಲಿಕ್ಕೆ ಕಳಿಸಲಿ. ಅಪ್ಪ ಕಲಿಸುತ್ತಾನೆ. ಫೀಜು ಹೆಚ್ಚು ತಗೊಳ್ಳಲ್ಲ.

ನೀವು ಹಳ್ಳಿಯ ಸಾಲಿಯಲ್ಲಿ ಮಾಸ್ತರಾಗಿದ್ದರೆ ಒಂದು ಕೆಲಸ ಮಾಡಬಹುದು. ನಿಮ್ಮೂರಿನಲ್ಲಿ ಯಾವ ಸಾಮಾನು ಯಾರು ರಿಪೇರಿ ಮಾಡುತ್ತಿದ್ದರು, ಎಲ್ಲಿ ಕೂತು ಮಾಡುತ್ತಿದ್ದರು, ಏನು ಕೊಡುತ್ತಿದ್ದರು ಅಂತ ಮಕ್ಕಳಿಂದ ಅಜ್ಜ-ಅಜ್ಜಿಯರನ್ನು ಕೇಳಿಸಿ ಬರೆಸಿರಿ. ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಇಸವಿ ನಮ್ಮ ತಾಲೂಕಿನ ಪ್ರತಿ ಮಗುವಿಗೂ ಗೊತ್ತು, ಗೊತ್ತಿರಲೇಬೇಕು. ಕಪಿಲೆಯ ಚೀಲ ಹೊಲಿದವರ ಲೆಕ್ಕ ಯಾರಿಗೂ ಗೊತ್ತಿಲ್ಲ, ಆಯಿಯಂಥವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಹೋದ ಮಳೆಗಾಲದಲ್ಲಿ ನಾನು ಒಂದು ರಟ್ಟಿನ ಮೇಲೆ ದರಪಟ್ಟಿ ಬರೆದೆ. ಉಂಗುಟ ಹೊಲಿಗೆ 20. ಪಟ್ಟಿ 30. ಹಿಮ್ಮಡಿ 50. ಅಟ್ಟೆ 150. ಕೊಡೆ ಕಡ್ಡಿ 30. “ಯಾಕೋ ತಮ್ಮಾ, ಇದ್ದ ಗಿರಾಕಿನೂ ಓಡಿ ಹೋಗ್ತಾರ” ಅಂದ ಅಪ್ಪ. ಮೂರು ದಿನ ಅದನ್ನು ಬೋರಲು ಹಾಕಿ ಅದರ ಮೇಲೇ ಕೂತ. ನಾಲ್ಕನೇ ದಿನ ಕೊಡೆಯ ಕಡ್ಡಿಗೆ ತೂಗುಹಾಕಿದ. ನಾನು ಅಲ್ಲೇ ನಿಂತಿದ್ದೆ. ಒಳ್ಳೇ ಇಸ್ತ್ರಿ ಬಟ್ಟೆಯ ಒಬ್ಬರು ಚಪ್ಪಲಿ ಚಾಚಿ ಹೊಲಿಸಿಕೊಂಡು, ಪಟ್ಟಿ ಓದಿ, “ಏ, ಚಪ್ಪಲಿ ಹೊಲ್ಯಾಕ ದರಪಟ್ಟಿ ಏನೋ?” ಅಂದರು.

“ಹೌದ್ರಿ ಸಾಹೇಬ್ರ. ನನ್ನ ಮಗಾ ಬರದಾನ.”

ಅವರು ಇಪ್ಪತ್ತರ ನೋಟು ತೆಗೆದು ಅಡಿಯ ಮೇಲೆ ಬಿಟ್ಟರು. ಅಪ್ಪ ನೋಟಿನ ಕಡೆ ನೋಡಲಿಲ್ಲ. ಅಂಗೈ ಚಾಚಿ ಹಾಗೇ ಕೂತ. ಹಿಂದೆ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದ. ಸ್ವಲ್ಪ ಹೊತ್ತು ಹೋಯಿತು. ಅವರು ಬಗ್ಗಿ ನೋಟು ಎತ್ತಿ ಅಪ್ಪನ ಕೈಯೊಳಗೆ ಇಟ್ಟು ಹೋದರು.

ಸಂಜೆ ಎಷ್ಟಾಯ್ತು ಅಂತ ಕೇಳಿದೆ. “ಮುನ್ನೂರ ಅರವತ್ತು” ಅಂದ. “ಒಬ್ಬಾಂವ ಇಪ್ಪತ್ತ ಕೊಡದ ಹಂಗ ಹ್ವಾದ.”